ಅತ್ತೆಯ ಹಂಡೆ, ಮಸ್ಕಿಯ ನೀರು

ಜೂನ್ 5, 1994, ಭಾನುವಾರ

ಇವತ್ತು ಬೆಳಿಗ್ಗೆ ಮೈಗೆ ಸೋಪು ಹಚ್ಚಿ ಹಚ್ಚಿ ಕೈ ಸೋತವು, ನೊರೆ ಮಾತ್ರ ಬರಲಿಲ್ಲ. ಸೋಪಿನದೇ ತಪ್ಪು ಎಂದು ಬೇರೆ ಸೋಪು ತಂದೆ. ಅದೂ ಹಾಗೇ. ತಲೆಗೆ ಹಚ್ಚಿದ್ದು ಜಿಗುಟಾಗಿ ಅಂಟಿಕೊಂಡು, ಒಣಗಿದ ಮೇಲೆ ಕೂದಲು ಮುಟ್ಟಿದರೆ ತೆಂಗಿನ ನಾರು ಮುಟ್ಟಿದಂತಾಯಿತು. ಕೊನೆಗೆ ಹೆಂಡತಿ ಸೂಗಮ್ಮ ನಗುತ್ತ ಹೇಳಿದಳು: "ಸೋಪಿಂದಲ್ರೀ, ನೀರಿಂದು. ನಮ್ಮ ನಳಕ್ಕ ಬರೋದು ಬೋರಿನ ನೀರು, ಸವಳು. ರೂಢಿ ಆಗ್ತೈತಿ ತಗೋರಿ."

ರೂಢಿ ಆಗುತ್ತದಂತೆ! ಹುಟ್ಟಿದಾಗಿನಿಂದ ಸಿಂಧನೂರಿನ ಕಾಲುವೆ ನೀರಲ್ಲಿ ಮಿಂದ ಮೈ ಇದು.

ಮದುವೆಯಾಗಿ ಮೂರು ವಾರವಾಯಿತು. ನನಗೆ ಮಸ್ಕಿಯ ದನದ ದವಾಖಾನೆಯಲ್ಲಿ ಕಂಪೌಂಡರ್ ಕೆಲಸ. ಸೂಗಮ್ಮ ತನ್ನ ಮನೆಗೆ ಒಬ್ಬಳೇ ಮಗಳು. ಕೊಟ್ಟಿಗೆಯಲ್ಲಿ ನಾಲ್ಕು ಎಮ್ಮೆ, ಊರಿಗೆಲ್ಲ ದಿನವೂ ಹಾಲು ಮೊಸರು ಹಾಕುವ ವರ್ತನೆ. ಹಾಗಾಗಿ ಹೆಣ್ಣು ನಮ್ಮ ಮನೆಗೆ ಬರುವ ಬದಲು ನಾನೇ ಟ್ರಂಕು ಹೊತ್ತು ಅವರ ಮನೆಗೆ ಬಂದೆ. ಮನೆ ಅಳಿಯ ಎಂದು ಸಿಂಧನೂರಿನ ಗೆಳೆಯರು ನಕ್ಕರು. ನಗಲಿ. ನನಗೆ ಅದರ ಚಿಂತೆಯಿಲ್ಲ.

ನನ್ನ ಚಿಂತೆ ಅತ್ತೆ ಆದಮ್ಮನವರದು. ಅವರ ಮುಖವನ್ನು ನಾನಿನ್ನೂ ಪೂರ್ತಿ ನೋಡಿಲ್ಲ. ನಾನು ಒಳಗೆ ಕಾಲಿಟ್ಟರೆ ಸೆರಗು ತಲೆಯ ಮೇಲೆ ಏರುತ್ತದೆ, ಅವರು ಬಾಗಿಲ ಹಿಂದೆ ಸರಿಯುತ್ತಾರೆ. ಅಳಿಯನ ಜೊತೆ ಅತ್ತೆ ನೇರವಾಗಿ ಮಾತನಾಡುವುದು ಈ ಮನೆಯಲ್ಲಿ ಮರ್ಯಾದೆಯಲ್ಲವಂತೆ. ಹಬ್ಬಕ್ಕೊಮ್ಮೆ ಬಂದು ಹೋಗುವ ಅಳಿಯನಿಗೆ ಅದು ಸರಿ. ದಿನವೂ ಇಲ್ಲೇ ಉಂಡು ಇಲ್ಲೇ ಮಲಗುವ ಅಳಿಯನಿಗೆ?

ಅವರ ಮನಸ್ಸು ಗೆಲ್ಲಲು ಒಂದು ಉಪಾಯ ಮಾಡಿದ್ದೇನೆ. ಅಣ್ಣ ದ್ಯಾವಪ್ಪ ಮದುವೆಗೆ ಉಡುಗೊರೆ ಕೊಟ್ಟ ನೀರು ಕಾಯಿಸುವ ಹೀಟರನ್ನು ಬಚ್ಚಲಲ್ಲಿ ಹಚ್ಚಿದೆ. ಅಲ್ಲಿ ಅತ್ತೆಯ ತಾಮ್ರದ ಹಂಡೆಯೊಂದು ಒಲೆಯ ಮೇಲೆ ಕೂತಿದೆ. ಹೊರಗೆ ಹೊಗೆ ಹತ್ತಿ ಕಪ್ಪು, ಒಳಗೆ ಸುಣ್ಣ ಬಳಿದ ಗೋಡೆಯಷ್ಟು ಬಿಳಿ. ಇನ್ನು ಮೇಲೆ ಆ ಹೊಗೆ, ಆ ಕಟ್ಟಿಗೆ, ಆ ಊದುಗೊಳವೆ ಯಾವುದೂ ಬೇಡ.

ಜೂನ್ 9

ಅತ್ತೆ ನನ್ನ ಜೊತೆ ಮಾತನಾಡಿದರು. ಅಂದರೆ ಎಮ್ಮೆಯ ಜೊತೆ.

ಕಟ್ಟೆಯ ಮೇಲೆ ಕೂತಿದ್ದೆ. ಒಳಗಿನಿಂದ ದನಿ ಬಂತು: "ಏ ಗೌರೀ, ಚಾ ಆರಾಕತ್ತೈತಿ. ಕುಡಿಯೋರು ಜಲ್ದಿ ಕುಡೀಬಾರದ?"

ಗೌರಿ ಎಂದರೆ ನಾಲ್ಕು ಎಮ್ಮೆಗಳಲ್ಲಿ ಹಿರಿಯದು, ಗಬ್ಬದ ಎಮ್ಮೆ. ಬಾಗಿಲ ಪಕ್ಕದಲ್ಲೇ ಕಟ್ಟಿರುತ್ತಾರೆ. ಅದು ನನ್ನ ಮುಖ ನೋಡಿತು, ನಾನು ಅದರ ಮುಖ ನೋಡಿದೆ. ಚಹಾ ನನಗೇ ಎಂದು ತಿಳಿಯಲು ಇಬ್ಬರಿಗೂ ಸ್ವಲ್ಪ ಹೊತ್ತು ಹಿಡಿಯಿತು.

ಚಹಾ ಬಾಯಿಗಿಟ್ಟರೆ ಸವಳು. ಮೇಲೆ ಕೆನೆಯಲ್ಲ, ಎಂಥದೋ ಪೊರೆ. ಅರ್ಧ ಕುಡಿದು ಅರ್ಧವನ್ನು ತುಳಸಿಕಟ್ಟೆಯ ಹಿಂದೆ ಚೆಲ್ಲಿದೆ. ಗೌರಿ ನೋಡಿತು. ಹೇಳಲಿಕ್ಕಿಲ್ಲ.

ಜೂನ್ 19, ಭಾನುವಾರ

ಸಿಂಧನೂರಿಗೆ ಹೋಗಿ ಎರಡು ಕ್ಯಾನ್ ತುಂಬ ಕಾಲುವೆ ನೀರು ತಂದೆ. ಬಸ್ಸಿನಲ್ಲಿ ಕಂಡಕ್ಟರು, "ಏನ್ರೀ ಇದು, ಸೀಮೆಎಣ್ಣೀನಾ?" ಎಂದು ಮುಚ್ಚಳ ತೆಗೆಸಿ ಮೂಸಿ ನೋಡಿದ. ನೀರು ಎಂದರೆ ನಂಬಲಿಲ್ಲ, ಒಂದು ಗುಟುಕು ಕುಡಿದೇ ನಂಬಿದ.

ಮನೆಗೆ ಬಂದು, ನನ್ನ ಚಹಾ ಮಾತ್ರ ಇದರಲ್ಲಿ ಮಾಡು ಎಂದು ಸೂಗಮ್ಮನಿಗೆ ಹೇಳಿದೆ. ಅಷ್ಟೇ ಹೇಳಿದ್ದು. ಸಂಜೆ ಹಾಲು ಹಿಂಡುತ್ತ ಅತ್ತೆ ಶುರು ಮಾಡಿದರು: "ಗೌರೀ, ನಿನಗೂ ಸಿಂಧನೂರಿಂದ ನೀರು ತರಸ್ಲೇನವ್ವಾ? ಲಗ್ನ ಆಗಿ ಬಂದಾಗಿಂದ ನಾ ಈ ನೀರೇ ಕುಡದೀನಿ, ಇನ್ನಾ ಸತ್ತಿಲ್ಲ ನೋಡು."

ಮಾವ ಬಸ್ಸಪ್ಪನವರು ಬೀಡಿ ಸೇದುತ್ತ ಭುಜ ಕುಣಿಸಿದರು. ಅವರು ಸದ್ದು ಮಾಡದೆ ನಗುವ ಮನುಷ್ಯ. ಬರೀ ಭುಜ ಕುಣಿಯುತ್ತವೆ.

ನನಗೆ ಸಿಟ್ಟು ಬಂತು. ಹೇಳುವುದಿದ್ದರೆ ನನಗೇ ಹೇಳಬೇಕು. ಎಮ್ಮೆಯ ಎದುರು ನನ್ನ ಮಾನ ಕಳೆಯುವುದೇಕೆ?

ಜುಲೈ 3, ಭಾನುವಾರ

ಅತ್ತಿಗೆ ಕೊಟ್ಟ ಕುಕ್ಕರಿನಲ್ಲಿ ನಾನೇ ನಿಂತು ಬೇಳೆ ಬೇಯಿಸಿ ತೋರಿಸುತ್ತೇನೆಂದು ಹೊರಟೆ. ಸೀಟಿ ಹೊಡೆಯಿತು, ಹೊಡೆಯಿತು, ಗೌರಿ ಬೆದರಿ ಹಗ್ಗ ಜಗ್ಗಿತು, ಪಕ್ಕದ ಮನೆಯ ಪೀರ್‌ಬೀ ಬಂದು ಇಣುಕಿ ಹೋದಳು. ಮುಚ್ಚಳ ತೆಗೆದರೆ ಬೇಳೆ ನೀರಿನ ತಳದಲ್ಲಿ ಹಾಕಿದ್ದು ಹಾಕಿದಂತೆಯೇ ಕೂತಿದೆ. ಕುಕ್ಕರಿನ ಒಳಮೈಗೆ ಮಾತ್ರ ಬಿಳಿ ಬಳಿದಂತಾಗಿದೆ.

ಅತ್ತೆ ಬೆಳಿಗ್ಗೆಯೇ ಚೂರು ಸೋಡಾ ಹಾಕಿ ನೆನೆಸಿ, ಮಡಕೆಯಲ್ಲಿಟ್ಟಿದ್ದ ಬೇಳೆ ಬೆಣ್ಣೆಯ ಹಾಗೆ ಬೆಂದಿತ್ತು. ಎರಡು ಸಲ ಹಾಕಿಸಿಕೊಂಡು ಉಂಡೆ. ಸೋಲು ಬೇರೆ, ಹಸಿವು ಬೇರೆ.

ಜುಲೈ 14

ಹೀಟರಿಗೆ ಏನೋ ಆಗಿದೆ. ಮೊದಲು ಹಲ್ಲುಜ್ಜುವಷ್ಟರಲ್ಲಿ ಬಕೆಟ್ಟು ಕಾಯುತ್ತಿತ್ತು. ಈಗ ಹಲ್ಲುಜ್ಜಿ, ಗಡ್ಡ ಹೆರೆದು, ಪೇಪರು ಓದಿದರೂ ಉಗುರು ಬೆಚ್ಚಗೇ ಇರುತ್ತದೆ. ಹೊರಗೆ ತೆಗೆದು ನೋಡಿದರೆ ಸುರುಳಿಯೇ ಕಾಣುವುದಿಲ್ಲ. ಸುತ್ತ ಬೆರಳು ದಪ್ಪ ಬಿಳಿ ಹಕ್ಕಳೆ ಕಟ್ಟಿದೆ. ಕರೆಂಟೆಲ್ಲ ಆ ಹಕ್ಕಳೆ ಕಾಯಿಸಲಿಕ್ಕೇ ಸರಿಹೋಗುತ್ತಿದೆ. ಇವರ ನೀರು ಮನುಷ್ಯರನ್ನಷ್ಟೇ ಅಲ್ಲ, ಯಂತ್ರಗಳನ್ನೂ ಬಿಡುವುದಿಲ್ಲ.

ಬಚ್ಚಲ ಆಚೆಯಿಂದ: "ಗೌರೀ, ಹಂಡ್ಯಾಗ ಬಿಸಿ ನೀರು ಅದಾವ. ಥಂಡಿ ನೀರು ಸುರ್ಕೊಂಡು ಯಾರೂ ನೆಗಡಿ ಮಾಡ್ಕೋಬ್ಯಾಡ್ರಿ."

ಹಂಡೆಯ ನೀರನ್ನೇ ತೋಡಿಕೊಂಡು ಮಿಂದೆ. ಹೊಗೆಯ ವಾಸನೆ. ಕೆಟ್ಟದ್ದೇನಲ್ಲ.

ಜುಲೈ 15

ಮತ್ತೆ ಹಂಡೆಯ ನೀರು.

ಆಗಸ್ಟ್ 7, ಭಾನುವಾರ

ಹೀಟರು ಬದುಕಿತು! ದವಾಖಾನೆಯಲ್ಲಿ ಸೂಜಿ ಕುದಿಸುವ ಪಾತ್ರೆಗೂ ಇದೇ ರೋಗ. ಅದಕ್ಕೆ ನಿಂಬೆಹುಳಿ ಹಾಕಿ ತೊಳೆಯುವುದನ್ನು ನೋಡಿದ್ದೆ. ಇಲ್ಲಿಯೂ ಹುಣಸೆಹುಳಿ, ನಿಂಬೆರಸ ಕದಡಿ ಹೀಟರನ್ನು ಅದರಲ್ಲಿ ನಿಲ್ಲಿಸಿದೆ. ಬುಸಬುಸನೆ ಗುಳ್ಳೆ ಎದ್ದವು. ಸಂಜೆ ಕಟ್ಟಿಗೆಯಿಂದ ಮೆಲ್ಲಗೆ ಬಡಿದರೆ ಹಕ್ಕಳೆ ಹೋಳು ಹೋಳಾಗಿ ಉದುರಿ, ಒಳಗಿನಿಂದ ಮದುವೆಯ ದಿನದ ಹೀಟರು ಹೊರಬಂತು.

ಮನೆತುಂಬ ಹಿಡಿದುಕೊಂಡು ತಿರುಗಿದೆ. ಸೂಗಮ್ಮ, "ಸಾಕು ಬಿಡ್ರೀ, ದೇವ್ರ ಮೂರ್ತಿ ಮೆರವಣಿಗಿ ಮಾಡಿದಂಗ ಮಾಡ್ತೀರಿ" ಎಂದಳು. ಈ ಮನೆಯಲ್ಲಿ ಇನ್ನೇನೇನು ತೊಳೆಯುವುದಿದೆಯೋ ನೋಡಬೇಕು.

ಸೆಪ್ಟೆಂಬರ್ 12

ಗೌರಿ ಈದಿತು. ಬೆಳಿಗ್ಗೆಯಿಂದ ಒದ್ದಾಡುತ್ತಿತ್ತು, ಕರುವಿನ ಒಂದು ಕಾಲು ಹಿಂದೆ ಮಡಚಿಕೊಂಡಿತ್ತು. ಡಾಕ್ಟರು ಲಿಂಗಸುಗೂರಿನ ಮೀಟಿಂಗಿಗೆ ಹೋಗಿದ್ದರು. ನಾನು ಭುಜದ ತನಕ ಎಣ್ಣೆ ಹಚ್ಚಿಕೊಂಡು ಕೈ ಹಾಕಿದೆ. ಅತ್ತೆ ಮುಂದೆ ಕೂತು ಗೌರಿಯ ತಲೆ ತೊಡೆಯ ಮೇಲಿಟ್ಟುಕೊಂಡಿದ್ದರು. ನಮ್ಮಿಬ್ಬರ ನಡುವೆ ಇಡೀ ಎಮ್ಮೆ.

"ಹೆದರಬ್ಯಾಡ ನನ್ನವ್ವಾ, ನಮ್ಮ ಕಂಪೌಂಡರು ಅದಾರ. ಸುಸೂತ್ರ ಆಗ್ತೈತಿ."

ಕಾಲು ಸಿಕ್ಕಿತು, ನೆಟ್ಟಗಾಯಿತು, ಕರು ಜಾರಿ ಬಂತು. ಹೆಣ್ಣು ಕರು. ನಾನು ಅಲ್ಲೇ ಹುಲ್ಲಿನ ಮೇಲೆ ಕೂತು ಗಟ್ಟಿಯಾಗಿ ನಕ್ಕುಬಿಟ್ಟೆ. ಏಕೆಂದು ಗೊತ್ತಿಲ್ಲ.

ನಮ್ಮ ಕಂಪೌಂಡರು ಎಂದರು. ಎಮ್ಮೆಗೇ ಅಂದಿರಬಹುದು, ಆದರೂ ಅಂದರು.

ಸೆಪ್ಟೆಂಬರ್ 14

ಗೌರಿಯ ಮೊದಲ ಹಾಲಿನ ಗಿಣ್ಣ. ಎಲ್ಲರಿಗೂ ಬಟ್ಟಲಲ್ಲಿ, ನನಗೆ ಮಾತ್ರ ತಟ್ಟೆ ತುಂಬ.

ಸೆಪ್ಟೆಂಬರ್ 28

ಡಾಕ್ಟರು ಕರೆದು ಹೇಳಿದರು: ಸಿಂಧನೂರಿನ ದವಾಖಾನೆಯಲ್ಲಿ ಕಂಪೌಂಡರ ಜಾಗ ಖಾಲಿಯಾಗುತ್ತದೆ, ಬೇಕೆಂದರೆ ಮಾತಾಡಿ ಹಾಕಿಸುತ್ತೇನೆ, ದೀಪಾವಳಿ ಮುಗಿದ ಮೇಲೆ ಹೂಂ ಅಥವಾ ಊಹೂಂ ಹೇಳು.

ಸೂಗಮ್ಮನಿಗೆ ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ಕಲ್ಲೊಂದನ್ನು ಎತ್ತಿ ಎಸೆದಳು. ಆಮೇಲೆ, "ನೀವು ಎಲ್ಲಿ ಅಂತೀರೋ ಅಲ್ಲಿ ಬರ್ತೀನ್ರಿ. ಖರೇ, ಅವ್ವಗ ಈ ಹಾಲಿನ ವರ್ತನಿ ಒಬ್ಬಾಕಿಗೇ ಆಗಂಗಿಲ್ಲ. ಎಮ್ಮಿ ಮಾರಬೇಕಾಗ್ತೈತಿ" ಎಂದಳು.

ನಾನು ಹೇಳಿದೆ: ನಾನೇನು ಕಲ್ಲೇ? ನನಗೂ ಇಲ್ಲಿ ಇರಬೇಕೆಂದಿದೆ. ಆದರೆ ನಾಲ್ಕು ತಿಂಗಳಾದರೂ ನನ್ನನ್ನು ಹೆಸರು ಹಿಡಿದು ಕರೆಯದ ಮನೆಯಲ್ಲಿ ನಾನು ಯಾರು? ಬಾಡಿಗೆಗಿದ್ದವನನ್ನೂ ಜನ ಹೆಸರು ಹಿಡಿದು ಕರೆಯುತ್ತಾರೆ. ದೀಪಾವಳಿಯೊಳಗೆ ಅತ್ತೆ ನನ್ನ ಜೊತೆ ಒಂದು ಮಾತು, ಒಂದೇ ಒಂದು ಮಾತು ನೇರವಾಗಿ ಆಡಲಿ. ಇರುತ್ತೇನೆ. ಇಲ್ಲದಿದ್ದರೆ ಸಿಂಧನೂರು.

ಸೂಗಮ್ಮ ಅಕ್ಕಿಯಲ್ಲಿ ಕೈ ಇಟ್ಟುಕೊಂಡು ನನ್ನನ್ನೇ ನೋಡಿದಳು.

ಅಕ್ಟೋಬರ್ 9, ಭಾನುವಾರ

ಸಿಂಧನೂರಿಗೆ ನೀರಿಗೆ ಹೋಗೋಣವೆಂದು ಕ್ಯಾನ್ ಹುಡುಕಿದೆ. ಒಂದರಲ್ಲಿ ಸೂಗಮ್ಮ ಗೌರಿಗೆ ಹತ್ತಿಕಾಳು ನೆನೆಹಾಕಿದ್ದಾಳೆ, ಇನ್ನೊಂದು ಪೀರ್‌ಬೀ ಮನೆಗೆ ಹೋಗಿದೆ. ಹೋದ ತಿಂಗಳಿನಿಂದಲೇ ಹಾಗಿದೆಯಂತೆ. ಇರಲಿ. ಕರುವಿಗೆ ಗೌರಿಯ ಕೊರಳ ಗಂಟೆಯಂಥದೇ ಸಣ್ಣ ಗಂಟೆ ಕಟ್ಟಿದೆ. ಮಧ್ಯಾಹ್ನವೆಲ್ಲ ಅದರಲ್ಲೇ ಹೋಯಿತು.

ಅಕ್ಟೋಬರ್ 23, ಭಾನುವಾರ

ಹಬ್ಬ ಹತ್ತಿರ ಬಂತೆಂದು ಮನೆಯಲ್ಲಿ ಪಾತ್ರೆ ತಿಕ್ಕುವ ಗದ್ದಲ. ನಾನು ಮಾವನ ಜೊತೆ ಗೋಡೆಗೆ ಸುಣ್ಣ ಹೊಡೆಯುತ್ತಿದ್ದೆ. ಅತ್ತೆ ಕೊಟ್ಟಿಗೆಯಲ್ಲಿ ಗೌರಿಗೆ ಬುದ್ಧಿ ಹೇಳುತ್ತಿದ್ದರು: "ಹಳೇ ಸಾಮಾನಿಗೆ ಹೊರಗ ತಿಕ್ಕಿದ್ರ ಸಾಕು ನೋಡವ್ವಾ. ಒಳಗ ಹಂಗ ಬಿಡಬೇಕು. ಕೈ ಹಚ್ಚಾಕ ಹೋಗಬಾರದು."

ಎಮ್ಮೆಗೂ ಹಳೇ ಸಾಮಾನಿಗೂ ಏನು ಸಂಬಂಧವೋ. ಈಚೆಗೆ ಅತ್ತೆ ಎಮ್ಮೆಯ ಹತ್ತಿರ ವೇದಾಂತವನ್ನೂ ಶುರು ಮಾಡಿದ್ದಾರೆ ಎಂದು ಮಾವನಿಗೆ ಹೇಳಿದೆ. ಅವರ ಭುಜ ಕುಣಿದವು.

ಅಕ್ಟೋಬರ್ 29, ಶನಿವಾರ

ಇವತ್ತು ನಾನು ಮಾಡಿದ ಕೆಲಸಕ್ಕೆ ಅತ್ತೆ ಬಾಯಿ ಬಿಡಲೇಬೇಕು.

ಅತ್ತೆ, ಮಾವ, ಸೂಗಮ್ಮ ಮೂವರೂ ಸಂತೆಕಲ್ಲೂರಿನ ನೆಂಟರ ಮನೆಗೆ ಹೋಗಿದ್ದರು. ನಾನು ಹಂಡೆಯನ್ನು ಒಲೆಯಿಂದ ಇಳಿಸಿದೆ. ಹುಣಸೆಹುಳಿ, ನಿಂಬೆ, ಉಪ್ಪು ಎಲ್ಲ ಬೆಳಗಿನಿಂದಲೇ ಕದಡಿ ಅದರೊಳಗೆ ಹಾಕಿಟ್ಟಿದ್ದೆ. ಮಧ್ಯಾಹ್ನ ಉಳಿ, ಕೊಡತಿ ಹಿಡಿದು ಕೂತೆ. ಏನು ಸವಳು ಕಟ್ಟಿತ್ತು! ಹಪ್ಪಳದ ಹಾಗೆ ಪದರ ಪದರವಾಗಿ ಎದ್ದು ಬಂತು. ಒಂದು ಬುಟ್ಟಿ ತುಂಬಿತು. ತಿಪ್ಪೆಗೆ ಚೆಲ್ಲಿ ಬಂದೆ. ಒಳಗೂ ಹೊರಗೂ ತಿಕ್ಕಿ, ತೊಳೆದು, ಬೋರಲು ಹಾಕಿದೆ. ಹಂಡೆ ಕೆಂಪಗೆ ಹೊಳೆಯಿತು, ಅದರಲ್ಲಿ ನನ್ನ ಮುಖ ಕಾಣಿಸಿತು.

ಸಂಜೆ ಅವರು ಬಂದರು. ಸೂಗಮ್ಮ "ಅಯ್ಯ, ಹೊಸಾದು ಕಂಡಂಗ ಕಾಣ್ತೈತ್ರೀ" ಎಂದಳು. ಅತ್ತೆ ಬೋರಲು ಬಿದ್ದ ಹಂಡೆಯ ಸುತ್ತ ಒಂದು ಸಲ ತಿರುಗಿದರು. "ಗೌರೀ, ಹಬ್ಬಕ್ಕ ತೊಳದ ಹಂಡಿ ನೀರು ತುಂಬೋ ದಿನದ ತನಕ ಬೋರಲೇ ಇರಬೇಕು. ಅಲ್ಲೀ ತನಕ ತಪೇಲ್ಯಾಗ ಕಾಸ್ಕೊಳ್ರಿ" ಎಂದು ಒಳಗೆ ಹೋದರು.

ಅಷ್ಟೇ.

ಅಕ್ಟೋಬರ್ 30, ಭಾನುವಾರ

ನನ್ನನ್ನು ಮನೆಯಿಂದ ಕಳಿಸುತ್ತಿದ್ದಾರೆ!

ಸಿಟ್ಟಿನಿಂದಲ್ಲ, ಶಾಸ್ತ್ರಕ್ಕೆ. ಮದುವೆಯಾದ ಮೊದಲ ದೀಪಾವಳಿಗೆ ಅಳಿಯ ಅತ್ತೆಯ ಮನೆಗೆ ಬರಬೇಕು, ಅವನಿಗೆ ಆರತಿ ಎತ್ತಬೇಕು, ಎಣ್ಣೆ ನೀರು ಎರೆಯಬೇಕು. ಅಳಿಯ ಇಲ್ಲೇ ಕೂತಿದ್ದರೆ ಬರುವುದು ಹೇಗೆ? ಅತ್ತೆ ಗೌರಿಗೆ ತಿಳಿಸಿ ಹೇಳಿದರು: "ಬರಬೇಕಾದ್ರ ಮೊದಲು ಹೋಗಬೇಕಲ್ಲವ್ವಾ."

ಸೂಗಮ್ಮ ಚೀಲ ತುಂಬಿ ಕೊಟ್ಟಳು. "ಒಂದನೇ ತಾರೀಕಿಗೆ ಬರ್ರಿ. ಜಲ್ದಿ ಬರಬ್ಯಾಡ್ರಿ, ಅವ್ವ ಬೈತಾಳ." ಬೈಯಲಿ ಎಂದೇ ನನ್ನ ಆಸೆ.

ಅಕ್ಟೋಬರ್ 31, ಸಿಂಧನೂರು

ಅಣ್ಣನ ಮನೆ. ಅತ್ತಿಗೆ ಚಹಾ ಕೊಟ್ಟಳು, ಸಪ್ಪಗಿತ್ತು. ಚಹಾಪುಡಿ ಬದಲಿಸಿದ್ದೀಯಾ ಎಂದು ಕೇಳಿದೆ. ಇಲ್ಲ ಎಂದಳು. ಮೊದಲು ಇಷ್ಟು ಸಪ್ಪಗಿರಲಿಲ್ಲ. ಸ್ನಾನದಲ್ಲಿ ಸೋಪು ಇಷ್ಟು ನೊರೆ ಬಂತು, ಎಷ್ಟು ನೀರು ಸುರಿದರೂ ಮೈಯ ಜಾರು ಹೋಗಲೊಲ್ಲದು.

ಅಣ್ಣ, "ವರ್ಗ ಮಾಡಿಸ್ಕೊಂಡು ಬಂದುಬಿಡೋ. ಆ ಸವಳು ನೀರಾಗ ಎಷ್ಟು ದಿನ ಇರ್ತೀ?" ಎಂದ. ನೋಡೋಣ ಎಂದೆ. ಕರುವಿಗೆ ಹುಳದ ಔಷಧ ಕುಡಿಸುವ ದಿನ ಇವತ್ತು. ಸೂಗಮ್ಮನಿಗೆ ನೆನಪಿದೆಯೋ ಇಲ್ಲವೋ.

ನವೆಂಬರ್ 2, ಬುಧವಾರ, ಹಬ್ಬದ ಊಟವಾದ ಮೇಲೆ

ನಿನ್ನೆ ಬರೆಯಲು ಕೈ ಬಿಡುವಾಗಲಿಲ್ಲ. ನಿಜ ಹೇಳಬೇಕೆಂದರೆ ಒಂದು ಬೆರಳೂ ಬಿಡುವಿರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಹೊಸ ಧೋತರ ಉಟ್ಟು ಇಳಿದೆ. ಪೀರ್‌ಬೀ ತನ್ನ ಬಾಗಿಲಲ್ಲೇ ಹಿಡಿದಳು: "ಏನ್ ಅಳಿಯಂದ್ರ, ಭಾಳ ದೂರದಿಂದ ಬಂದ್ರೇನು? ನಮ್ಮೂರು ಹೆಂಗನ್ನಸ್ತೈತಿ?" ಓಣಿಯೆಲ್ಲ ನಕ್ಕಿತು, ನಾನೂ ನಕ್ಕೆ. ಹೊಸ್ತಿಲಲ್ಲಿ ನಿಲ್ಲಿಸಿ ಕಾಲಿಗೆ ನೀರು ಕೊಟ್ಟರು. ಅತ್ತೆ ಮೂಗಿನ ತನಕ ಸೆರಗು ಎಳೆದುಕೊಂಡು ಆರತಿ ಎತ್ತಿ, ಹಣೆಗೆ ದೊಡ್ಡದಾಗಿ ಕುಂಕುಮ ಹಚ್ಚಿದರು. ಮಾತಿಲ್ಲ. ವಾರದ ಹಿಂದೆ ನಾನೇ ಸುಣ್ಣ ಹೊಡೆದ ಕಟ್ಟೆಯ ಮೇಲೆ ಹೊಸ ಕಂಬಳಿ ಹಾಸಿ ನನ್ನನ್ನು ಪರ ಊರಿನವನಂತೆ ಕೂರಿಸಿದರು.

ಸಂಜೆ ನಳ ಬಂತು. ಎರಡು ದಿನಕ್ಕೊಮ್ಮೆ ಬರುವ ನೀರು, ಈಗ ಹಿಡಿಯದಿದ್ದರೆ ಹಬ್ಬದ ಸ್ನಾನವಿಲ್ಲ. ಹಂಡೆಯನ್ನು ಒಲೆಗೇರಿಸಿ, ಸುಣ್ಣದ ಗೆರೆ ಎಳೆದು, ಚೆಂಡುಹೂವಿನ ಮಾಲೆ ಕಟ್ಟಿ ಪೂಜೆ ಮಾಡಿದರು. ಅತ್ತೆ ಮೊದಲ ಬಿಂದಿಗೆ ಸುರಿದರು. ನಾನು ಕಂಬಳಿಯ ಮೇಲೆ ಕೂತು, ಹಂಡೆಯ ಹೊಳಪಿನ ಬಗ್ಗೆ ಯಾರಾದರೂ ಏನಾದರೂ ಹೇಳುತ್ತಾರೇನೋ ಎಂದು ಕಿವಿ ನಿಗುರಿಸಿದ್ದೆ.

ಹಂಡೆ ತುಂಬುತ್ತ ಬಂದಾಗ ಸೂಗಮ್ಮನ ದನಿ: "ಅವ್ವಾ, ಒಲಿ ಹಸಿ ಆಗೈತಿ ನೋಡು."

ಆಮೇಲೆ ಅತ್ತೆಯ ಚೀರು. ಓಡಿ ಹೋದೆ. ಹಂಡೆಯ ಹೊಟ್ಟೆಯಿಂದ ಸೂಜಿಯಂಥ ನೀರಿನ ಎಳೆಯೊಂದು ಸುರ್ರನೆ ಹೊರಟು ಅತ್ತೆಯ ಹಬ್ಬದ ಸೀರೆಗೆ ಬಡಿಯುತ್ತಿತ್ತು. ಅವರು ಅದಕ್ಕೆ ಬೆರಳು ಒತ್ತಿದರು. ಪಕ್ಕದಲ್ಲಿ ಇನ್ನೊಂದು ಚಿಮ್ಮಿತು. ಅದಕ್ಕೆ ಇನ್ನೊಂದು ಕೈ. ನನ್ನ ಕಡೆಯಿಂದ ಮತ್ತೆರಡು.

"ಏ ಮಾನಪ್ಪಾ! ನೋಡ್ಕೊಂತ ಏನ್ ನಿಂತೀಯೋ? ಆ ಕಡಿ ಹೋಗು, ಬಟ್ಟು ಇಡು!"

ಇಟ್ಟೆ.

"ಅಲ್ಲಲ್ಲೋ! ಕೆಳಗ, ಕೆಳಗ! ಇನ್ನೊಂದು ಕೈ ಏನ್ ಮಾಡಾಕತ್ತೈತಿ?"

"ಅದೂ ತೂತಿನ ಮ್ಯಾಲೇ ಐತ್ರೀ ಅತ್ತಿ!"

ಹಂಡೆಯ ಆ ಕಡೆ ಅವರು, ಈ ಕಡೆ ನಾನು, ಇಬ್ಬರ ಎರಡೂ ಕೈ ಹಂಡೆಗೆ ಅಂಟಿಕೊಂಡಿವೆ. ಸೆರಗು ಜಾರಿ ಹೆಗಲ ಮೇಲೆ ಬಿದ್ದಿತ್ತು, ಏರಿಸಿಕೊಳ್ಳಲು ಅವರಿಗೆ ಮೂರನೇ ಕೈ ಇರಲಿಲ್ಲ. ಅತ್ತೆಯ ಮುಖವನ್ನು ಆಗ ನೋಡಿದೆ. ಗಲ್ಲದ ಮೇಲೆ ಹಸಿರು ಹಚ್ಚೆಯ ಚುಕ್ಕಿ. ಸೂಗಮ್ಮನದೇ ಮೂಗು, ಸಿಟ್ಟು ಬಂದಾಗ ಹಾಗೇ ಅರಳುತ್ತದೆ.

"ಒಳಗ ಕೆರದೀಯೇನು?"

"ಹೌದ್ರಿ. ಸ್ವಚ್ಛ ಆಗ್ಲಿ ಅಂತ..."

"ಅಯ್ಯ ನಿನ್ನ! ಆ ಸವಳೇ ಈ ಹಂಡಿ ಹಿಡದಿತ್ತೋ! ನಮ್ಮತ್ತಿ ಕಾಲದ್ದು ಇದು. ಎಂದೋ ತೂತು ಬಿದ್ದು, ನಮ್ಮ ನೀರಿನ ಸವಳು ಕಟ್ಟಿ ಕಟ್ಟಿ ತಾನೇ ಮುಚ್ಚಿತ್ತು. ನಾನೂ ಹೊರಗಿಂದ ನೋಡಿ ಹೊರಗಷ್ಟ ತಿಕ್ಕ್ಯಾನ ಅಂದ್ಕೊಂಡೆ. ಒಳಗ ಕೈ ಹಚ್ಚಬಾರದು ಅಂತ ಎಷ್ಟು ಹೇಳೀನಿ!"

ನನಗೂ ತಡೆಯಲಾಗಲಿಲ್ಲ. "ನನಗೆಲ್ಲಿ ಹೇಳೀರಿ? ನೀವು ಹೇಳಿದ್ದು ಗೌರಿಗೆ!"

ಹೊರಗೆ ಮಾವ ನಕ್ಕರು. ಸದ್ದು ಮಾಡಿ, ಕೆಮ್ಮಿ, ಗೋಡೆ ಹಿಡಿದು ನಕ್ಕರು. ಅವರ ನಗುವಿಗೆ ದನಿಯಿದೆ ಎಂದು ನನಗೆ ಆಗಲೇ ಗೊತ್ತಾದದ್ದು. ಅತ್ತೆಯ ತುಟಿ ಬಿಗಿಯಾಯಿತು, ಅದುರಿತು. "ಹಂಗಾದ್ರ... ಹಂಗಾದ್ರ ಗೌರಿ ನಿನಗ ಹೇಳಬಾರದೇನೋ!" ಎಂದು ಅವರೂ ನಕ್ಕರು. ನಗುವಾಗ ಅವರ ಬೆರಳು ಜಾರಿತು. ನೀರಿನ ಎಳೆ ನೆಟ್ಟಗೆ ನನ್ನ ಹಣೆಗೆ ಹೊಡೆದು ಆರತಿಯ ಕುಂಕುಮವೆಲ್ಲ ಮೂಗಿನ ಮೇಲೆ ಇಳಿಯಿತು. ಅದನ್ನು ನೋಡಿ ಸೂಗಮ್ಮ ಚೊಂಬು ಕೆಳಗಿಟ್ಟು ಕೂತೇಬಿಟ್ಟಳು.

"ನಗಬ್ಯಾಡಲೇ, ತೋಡು ಜಲ್ದಿ!" ಎಂದು ಅತ್ತೆ ಮಗಳಿಗೆ ಕೂಗಿದರು.

ಸೂಗಮ್ಮ ತೋಡಿ ತೋಡಿ ಕೊಡ, ಬಕೆಟ್ಟು, ಕುಕ್ಕರು, ಪೀರ್‌ಬೀಯ ಕ್ಯಾನು, ಎಲ್ಲ ತುಂಬಿಸಿದಳು. ಪಾತ್ರೆಗಳಿಗೆ ಕಲಾಯಿ ಹಾಕಿ ತೂತು ಮುಚ್ಚುವ ಲಾಲ್‌ಸಾಬ್‌ನನ್ನು ಕರೆಯಲು ಹೋದರೆ ಅವನು ಪಾಮನಕಲ್ಲೂರಿನ ಮಗಳ ಮನೆಗೆ ಹೋಗಿದ್ದ. ಮಾವ ಸುಣ್ಣ, ಬೆಲ್ಲ, ಹತ್ತಿ ಕುಟ್ಟಿ ಕೊಟ್ಟರು. ಖಾಲಿಯಾದ ಹಂಡೆಯೊಳಗೆ ನಾನು ತಲೆ ಹಾಕಿ ತೂತುಗಳಿಗೆ ಮೆತ್ತಿದೆ. ಹೊರಗಿನಿಂದ ಅತ್ತೆ ದೀಪ ಹಿಡಿದು, "ಇಲ್ಲಿ ಬೆಳಕು ಕಾಣ್ತೈತಿ, ಇಲ್ಲಿ ಮೆತ್ತು, ಇನ್ನಷ್ಟು ಮೆತ್ತು, ಬೆಲ್ಲ ತಿನ್ನಬ್ಯಾಡೋ" ಎಂದು ಹೇಳುತ್ತಲೇ ಇದ್ದರು. ಅವರ ಮಾತು ಹಂಡೆಯೊಳಗೆ ದೊಡ್ಡದಾಗಿ ಕೇಳುತ್ತಿತ್ತು.

ಇವತ್ತು ಬೆಳಗಿನ ಜಾವ ಎದ್ದು ನೋಡಿದರೆ ರಾತ್ರಿ ಮತ್ತೆ ತುಂಬಿಸಿದ ಹಂಡೆ ಇನ್ನೂ ತೊಟ್ಟಿಕ್ಕುತ್ತಿತ್ತು. ಉರಿ ಹಾಕಿದರೆ ಚುಂಯ್ ಎನ್ನುತ್ತದೆ, ಮತ್ತೆ ಹಾಕಬೇಕು. ಉಗುರು ಬೆಚ್ಚಗಿನ ನೀರಲ್ಲೇ ಎಲ್ಲರ ಎಣ್ಣೆಸ್ನಾನ ಮುಗಿಯಿತು. ಇಷ್ಟು ಒಳ್ಳೆಯ ದೀಪಾವಳಿ ನನ್ನ ನೆನಪಿನಲ್ಲಿಲ್ಲ.

ನವೆಂಬರ್ 4

ಎಲ್ಲ ಸುಳ್ಳು. ಸೆರಗು ಮತ್ತೆ ತಲೆಯೇರಿದೆ. "ಗೌರೀ, ಊಟಕ್ಕ ಬರ್ರಿ ಅನ್ನು" ಎಂದರು. ಮೊನ್ನೆ ನೀರಿನ ಗಾಬರಿಯಲ್ಲಿ ಬಾಯಿ ತಪ್ಪಿ ಬಂದ ಮಾತು, ಅಷ್ಟೇ. ಸೂಗಮ್ಮ ಅನ್ನುತ್ತಾಳೆ, "ಹಬ್ಬದ ದಿನ ಅಳಿಯಗ ಲೇ, ಬಾರೋ ಅಂದುಬಿಟ್ಟೆ ಅಂತ ಆಕಿಗೆ ನಾಚ್ಕಿ ಆಗೈತ್ರಿ." ನಾಚಿಕೆಯೋ, ಬೇಜಾರೋ. ಊಟ ಸೇರಲಿಲ್ಲ.

ಡಾಕ್ಟರಿಗೆ ಹೂಂ ಎಂದು ಹೇಳುವುದೇ ಸರಿ.

ನವೆಂಬರ್ 7, ಸೋಮವಾರ

ಡಾಕ್ಟರು ಗೌರಿಯ ಕರು ನೋಡಲು ಮನೆಗೇ ಬಂದರು. ನೋಡಿ, ಬೇಷ್ ಎಂದು ಬೆನ್ನು ತಟ್ಟಿ, ಅಂಗಳದಲ್ಲೇ ಕೇಳಿದರು: "ಮತ್ತೇನಪ್ಪಾ ಮಾನಪ್ಪ, ಸಿಂಧನೂರಿಗೆ ಹೂಂ ಅನ್ಲೇನು?"

ನಾನು ಬಾಯಿ ತೆರೆದೆ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು.

"ಎಲ್ಲಿಗೂ ಹೋಗಂಗಿಲ್ರೀ ಸಾಹೇಬ್ರ. ನಮ್ಮ ಹಂಡಿ ಕೆಡಸ್ಯಾನ. ಅದು ಮೊದಲಿನಂಗ ಆಗೂ ತನಕ ನಾ ಬಿಡಂಗಿಲ್ಲ."

ಡಾಕ್ಟರು ನಕ್ಕರು. "ಅದಕ್ಯಾಕಮ್ಮಾ, ಲಾಲ್‌ಸಾಬ್‌ಗೆ ಹೇಳಿದ್ರ ಒಂದು ತಾಸಿನ ಕೆಲಸ."

"ಲಾಲ್‌ಸಾಬ್ ಬ್ಯಾಡ್ರಿ. ನಮ್ಮ ನೀರೇ ಮುಚ್ಚತೈತಿ. ದಿನಾ ತುಂಬಬೇಕು, ದಿನಾ ಉರಿ ಹಾಕಬೇಕು, ಅಷ್ಟ."

"ಹಂಗ ಮುಚ್ಚಾಕ ಎಷ್ಟೋ ದಿನ ಬೇಕಲ್ಲ?"

"ಬೇಕಾಗ್ಲೇಳ್ರಿ. ಯಾರಿಗೆ ಅವಸರ ಐತಿ?"

ಆಮೇಲೆ ನನ್ನ ಕಡೆ ತಿರುಗಿದರು. ಸೆರಗು ಜಾರಿತ್ತು. ಕೈಗೆ ಹಿಟ್ಟಿತ್ತೆಂದೋ ಏನೋ, ಏರಿಸಿಕೊಳ್ಳಲಿಲ್ಲ. "ಮತ್ತ ಗೌರಿಗೆ ಹೇಳಿದ್ದೆ ಅನ್ನಬ್ಯಾಡ. ನಿನಗೇ ಹೇಳಾಕತ್ತೀನಿ, ಕೇಳಸ್ತೇನು? ನಳ ಬಂದೈತಿ. ಏಳು, ಹಂಡಿ ತುಂಬು."

ಎದ್ದೆ. ಡಾಕ್ಟರಿಗೆ ಏನು ಹೇಳಿದೆನೋ ನೆನಪಿಲ್ಲ. ಎರಡು ಕೊಡ ಹೊರುವಾಗ ಕಣ್ಣು ಮಂಜಾಗಿ ಹೊಸ್ತಿಲು ಎಡವಿದೆ. ಅದಕ್ಕೂ ಬೈದರು. ಬೈಸಿಕೊಳ್ಳುವುದು ಇಷ್ಟು ಖುಷಿಯ ಕೆಲಸ ಎಂದು ನನಗೆ ಗೊತ್ತಿರಲಿಲ್ಲ.

ಡಿಸೆಂಬರ್ 11

ಒಲೆಯ ಚುಂಯ್ ಸದ್ದು ಕಡಿಮೆಯಾಗಿದೆ. ಮೇಲಿನ ಎರಡು ತೂತು ಪೂರ್ತಿ ಬಿಳಿ ಕಟ್ಟಿವೆ. ಅತ್ತೆ ದಿನವೂ ಬೆರಳಾಡಿಸಿ ನೋಡುತ್ತಾರೆ, ನನ್ನನ್ನೂ ಕರೆದು ಮುಟ್ಟಿಸುತ್ತಾರೆ. ಹೀಟರು ಬಚ್ಚಲ ಮೊಳೆಗೆ ತೂಗಿದೆ. ಮಾವ ಅದಕ್ಕೆ ಟವೆಲ್ಲು ಹಾಕುತ್ತಾರೆ.

ಜನವರಿ 15, 1995, ಸಂಕ್ರಾಂತಿ

ಅಣ್ಣ ಬಂದಿದ್ದ. ಸ್ನಾನ ಮಾಡಿ ಬಂದವನೇ ತಲೆ ಕೆರೆಯುತ್ತ, "ಏನ್ ನೀರೋ ಮಾರಾಯ ಇದು! ಸೋಪೇ ಹತ್ತಂಗಿಲ್ಲ" ಎಂದ. ನನಗೆ ರೇಗಿತು. ನಮ್ಮ ನೀರಿಗೆ ಏನಾಗಿದೆ? ನಿಮ್ಮ ಸಿಂಧನೂರಿನ ಸಪ್ಪೆ ನೀರಿನ ಹಾಗೆ ಅಲ್ಲ, ಇದಕ್ಕೆ ರುಚಿಯಿದೆ, ಕಸುವಿದೆ ಎಂದೆ. ಅಣ್ಣ ಬಾಯಿ ತೆರೆದು ನನ್ನನ್ನೇ ನೋಡಿದ. ಅವನಿಗೇನಾಯಿತೋ.

ಅಷ್ಟರಲ್ಲಿ ಬಚ್ಚಲಿನಿಂದ ಕೂಗು: "ಮಾನಪ್ಪಾ! ಏ ಮಾನಪ್ಪಾ! ಜಲ್ದಿ ಬಾರೋ ಇಲ್ಲಿ!"

ಚಹಾ ಬಿಟ್ಟು ಓಡಿದೆ. ಅತ್ತೆ ಒಲೆಯ ಮುಂದೆ ಮಂಡಿಯೂರಿ ಕೂತಿದ್ದರು. "ಮುಟ್ಟು. ಬೂದಿ ಮುಟ್ಟು." ಮುಟ್ಟಿದೆ. ಬೂದಿ ಒಣಗಿತ್ತು. ರಾತ್ರಿಯಿಡೀ ತುಂಬಿದ ಹಂಡೆ ಮೇಲಿದ್ದರೂ ಒಂದು ಹನಿ ಬಿದ್ದಿಲ್ಲ. ಕಡೆಯ ತೂತೂ ಮುಚ್ಚಿತ್ತು. ಇಬ್ಬರೂ ಹೊಗೆಯಲ್ಲಿ ಕೂತು ಪಂದ್ಯ ಗೆದ್ದವರಂತೆ ನಕ್ಕೆವು. ಅಣ್ಣ ಬಾಗಿಲಲ್ಲಿ ನಿಂತು, "ಏನಾತೋ?" ಎಂದು ಕೇಳುತ್ತಲೇ ಇದ್ದ.

ನನ್ನ ಎದೆಯಲ್ಲಿ ಒಂದು ಅಳುಕು ಮೂಡಿತು. "ಹಂಡಿ ಮೊದಲಿನಂಗಾತು. ಇನ್ನ ನನ್ನ ಬಿಟ್ಟುಕೊಡ್ತೀರೇನ್ರೀ ಅತ್ತಿ?" ಎಂದು ನಗುತ್ತಲೇ ಕೇಳಿದೆ.

ಅತ್ತೆ ಎದ್ದು ಸೆರಗು ಝಾಡಿಸಿದರು. "ಹೋಗ್ತೀನಿ ಅಂದು ನೋಡು, ಉಳಿ ತಗೊಂಡು ನಾನೇ ಒಳಗ ಕೆರೀತೀನಿ."

ಗೌರಿ ಬಾಗಿಲ ಪಕ್ಕ ಮೆಲುಕು ಹಾಕುತ್ತ ನಮ್ಮನ್ನು ನೋಡುತ್ತಿತ್ತು. ಈಚೆಗೆ ಅದರ ಜೊತೆ ಮಾತನಾಡುವವರೇ ಇಲ್ಲ, ಪಾಪ. ನಾಳೆಯಿಂದ ನಾನಾದರೂ ದಿನಕ್ಕೆರಡು ಮಾತು ಆಡಿಸಬೇಕು.